ಪೆಟ್ರೋಲ್ ಸ್ಕೂಟರ್ ಮಾರಿ ಕರೆಂಟಿನದು ತಗೊಳ್ಳಲಾ?

ತೋಟದ ಮನೆ: ಆಲ್ದೂರಿಂದ ಚಿಕ್ಕಮಗಳೂರಿಗೆ ದಿನಾ ಓಡಾಟ ನನ್ನದು. ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳೋಣ ಅಂತಿದ್ದೇನೆ. ಭಾವ ನಗುತ್ತಾರೆ: "ಹೊಗೆ ಇಲ್ಲಿ ಬಿಡಲ್ಲ, ರಾಯಚೂರಲ್ಲಿ ಬಿಡುತ್ತೆ ಅಷ್ಟೇ." ನಿಜನಾ?

ಲೆಕ್ಕದ ಮೇಷ್ಟ್ರು: ಅರ್ಧ ನಿಜ. ರಾಯಚೂರಿನ ಕರೆಂಟು ಕಲ್ಲಿದ್ದಲಿನದೇ. ಜೊತೆಗೆ ಶರಾವತಿಯ ನೀರೂ ಇದೆ, ಪಾವಗಡದ ಬಿಸಿಲೂ ಇದೆ. ಪೂರ್ತಿ ಕಲ್ಲಿದ್ದಲು ಅಂತಲೇ ಇಟ್ಟುಕೊಳ್ಳಿ, ಯೂನಿಟ್‌ಗೆ ಸುಮಾರು 1 ಕೆ.ಜಿ. ಇಂಗಾಲದ ಡೈಆಕ್ಸೈಡ್. 100 ಕಿ.ಮೀ.ಗೆ ಸ್ಕೂಟರ್ 3 ಯೂನಿಟ್ ಕುಡಿದರೆ 3 ಕೆ.ಜಿ. ಅಷ್ಟೇ ದೂರಕ್ಕೆ ಪೆಟ್ರೋಲ್ 2 ಲೀಟರ್ ಬೇಕು, ಲೀಟರಿಗೆ 2.3ರಂತೆ 4.6 ಕೆ.ಜಿ. ಭಾವನಿಗೆ ತೋರಿಸಿ.

ಕಳಸದ ಕಡೆಯವನು: ಮೇಷ್ಟ್ರೇ, ಬ್ಯಾಟರಿ ಎಲ್ಲಿಂದ ಬಂತು ಅನ್ನೋದನ್ನ ಬಿಟ್ಟೇಬಿಟ್ಟಿರಲ್ಲ. ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೇ ನಿಂತಿತು. ಅದಿರು ತೊಳೆದ ಹೂಳು ಲಕ್ಯಾ ಡ್ಯಾಮಿನಲ್ಲಿ ಇವತ್ತಿಗೂ ಕೂತಿದೆ. ಬ್ಯಾಟರಿಗೆ ಹಾಕುವ ಕಾಂಗೋದ ಕೋಬಾಲ್ಟ್, ಚಿಲಿಯ ಲಿಥಿಯಂ ಅಂದರೆ ಇನ್ಯಾರದೋ ಊರಿನ ಕುದುರೆಮುಖ ಅಲ್ವಾ?

ಲೆಕ್ಕದ ಮೇಷ್ಟ್ರು: ಒಪ್ಪಿದೆ. ತಯಾರಾಗುವಾಗಲೇ ಎಲೆಕ್ಟ್ರಿಕ್ ಗಾಡಿಯ ತಲೆ ಮೇಲೆ ಹೊಗೆಯ ಸಾಲ ಜಾಸ್ತಿ, ಓಡಿಸಿ ಓಡಿಸಿಯೇ ತೀರಿಸಬೇಕು. ಆದರೆ ಸ್ಕೂಟರಿನದು 3-4 ಯೂನಿಟ್ ಹಿಡಿಯುವ ಬ್ಯಾಟರಿ. ಕಾರಿನದು ಅದರ ಹತ್ತು ಪಟ್ಟು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಲ್ಲಿ ಕೋಬಾಲ್ಟ್ ಇರುವುದಿಲ್ಲ, ವಿಚಾರಿಸಿ ತಗೊಳ್ಳಿ.

ಗಿರಿ ಕೆಳಗಿನವಳು: ನನ್ನದು ಎಲೆಕ್ಟ್ರಿಕ್ ಕಾರು. ಮುಳ್ಳಯ್ಯನಗಿರಿಯಿಂದ ಕೈಮರಕ್ಕೆ ಇಳಿಯುವಾಗ ಬ್ರೇಕ್ ಮುಟ್ಟುವುದೇ ಅಪರೂಪ. ಆಕ್ಸಿಲರೇಟರ್ ಬಿಟ್ಟರೆ ಮೋಟಾರೇ ಗಾಡಿಯನ್ನು ಹಿಡಿಯುತ್ತದೆ, ಚಾರ್ಜೂ ಏರುತ್ತದೆ. ಹೋದ ವಾರ ಮೇಲೆ 41 ಪರ್ಸೆಂಟ್ ಇತ್ತು, ಕೆಳಗೆ ಬಂದಾಗ 44. ಮುಂದಿದ್ದ ಟೆಂಪೋ ಟ್ರಾವೆಲರ್‌ನ ಬ್ರೇಕ್ ಸುಟ್ಟ ವಾಸನೆ ಮಾತ್ರ ದಾರಿಯುದ್ದಕ್ಕೂ ಮೂಗಿಗೆ ಬಡೀತಿತ್ತು.

ಕಳಸದ ಕಡೆಯವನು: ಹತ್ತುವಾಗ ಎಷ್ಟು ಕುಡೀತು ಅಂತ ಹೇಳಲೇ ಇಲ್ಲ 😀

ಗಿರಿ ಕೆಳಗಿನವಳು: ಕೇಳಬೇಡಿ. 14 ಪರ್ಸೆಂಟ್.
ಒಂದು ಮಾತು ಒಪ್ಪುತ್ತೇನೆ. ಭಾನುವಾರ ಗಿರಿ ಮೇಲೆ ಸಾಲುಗಟ್ಟುವ ಕಾರೆಲ್ಲ ಎಲೆಕ್ಟ್ರಿಕ್ ಆದರೂ ಸಾಲು ಸಾಲೇ. ಹೊಗೆ ಹೋಗಬಹುದು, ಟೈರ್ ಸವೆದ ಪುಡಿ, ಹಾರ್ನು, ಶೋಲಾ ಕಾಡಿನ ಅಂಚಿಗೆ ಎಸೆದ ಬಾಟಲಿ ಎಲ್ಲಿಗೆ ಹೋಗುತ್ತವೆ?

ಕಳಸದ ಕಡೆಯವನು: ಅದನ್ನೇ ನಾನು ಹೇಳ್ತಿರೋದು. ಮತ್ತೆ ಮಳೆಗಾಲ? ಲೈನ್ ಮೇಲೆ ಮರ ಬಿದ್ದರೆ ನಮ್ಮಲ್ಲಿ ಮೂರು ದಿನ ಕರೆಂಟಿಲ್ಲ. ಡೀಸೆಲ್ ಜನರೇಟರ್ ಹಾಕಿ ಸ್ಕೂಟರ್ ಚಾರ್ಜ್ ಮಾಡ್ತೀರಾ?

ಲೆಕ್ಕದ ಮೇಷ್ಟ್ರು: ಇದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ. ಪೇಟೆಯಲ್ಲಿ ಚಾರ್ಜ್ ಮಾಡಿಕೊಂಡು ಬರಬೇಕು. ಇನ್ನೊಂದು, ಹಳೇ ಸ್ಕೂಟರ್ ಮಾರಿದ ಮಾತ್ರಕ್ಕೆ ಅದರ ಹೊಗೆ ನಿಲ್ಲುವುದಿಲ್ಲ. ಇನ್ಯಾರೋ ಓಡಿಸುತ್ತಾರೆ.

ತೋಟದ ಮನೆ: ಸರಿ, ಮಳೆ ಬಿಟ್ಟ ಮೇಲೆ ತಗೊಳ್ಳುತ್ತೇನೆ. ಹಳೇದನ್ನ ಭಾವನೇ ಕೇಳುತ್ತಿದ್ದಾರೆ.