ಅಪ್‌ಡೇಟ್: ಹಸೆ ಚಿತ್ತಾರದ ಗೆರೆಗಳು ಕೊನೆಗೂ ಎಲೆಯೊಳಗೆ ನಿಂತವು

ಹೋದ ವಾರ ಕೇಳಿದ್ದೆ: ಇಂಕ್‌ಸ್ಕೇಪ್‌ನಲ್ಲಿ (ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ತಂತ್ರಾಂಶ) ಬರೆದ ಹಸೆ ಚಿತ್ತಾರವನ್ನು (ಮಲೆನಾಡಿನಲ್ಲಿ ಮದುವೆಗೆ ಗೋಡೆ ಮೇಲೆ ಬರೆಯುವ ಚಿತ್ರ) ವೀಳ್ಯದೆಲೆಯ ಆಕಾರಕ್ಕೆ ಕತ್ತರಿಸುವುದು ಹೇಗೆ ಅಂತ. ಅಕ್ಕನ ಮಗಳ ಮದುವೆಗೆ ಸ್ಟಿಕರ್ ಬೇಕಿತ್ತು. ಪರದೆ ಮೇಲೆ ಚೆನ್ನಾಗಿತ್ತು, ಆದರೆ ಸಾಗರ ಊರಿನ ಅಂಗಡಿಯಲ್ಲಿ ಸ್ಟಿಕರ್ ಕತ್ತರಿಸುವ ಮೆಷಿನ್ ಎಲೆಯ ಆಚೆಗೂ ಗೆರೆ ಕೊಯ್ದಿತ್ತು.

ತಪ್ಪು ಕ್ಲಿಪ್‌ನಲ್ಲಿದೆ ಅಂತ ನೀವು ಹೇಳಿದ್ದೇ ಸರಿ. ನಾನು ಕ್ಲಿಪ್ ಹಾಕಿದ್ದೆ. ಅದು ಹೊರಗಿನ ಭಾಗವನ್ನು ಸುಮ್ನೆ ಮರೆಮಾಡುತ್ತದೆ, ಕತ್ತರಿಸುವುದಿಲ್ಲ. ಫೈಲಿನಲ್ಲಿ ಪೂರ್ತಿ ಗೆರೆ ಹಾಗೇ ಇತ್ತು.

ಈ ಸಲ ಮೊದಲು ಫೈಲಿನ ಇನ್ನೊಂದು ಪ್ರತಿ ಇಟ್ಟುಕೊಂಡೆ. ಎಲ್ಲ ಗೆರೆ ಆರಿಸಿ ಸ್ಟ್ರೋಕ್ ಟು ಪಾತ್ ಕೊಟ್ಟೆ, ಅಂದರೆ ಗೆರೆಯನ್ನು ಅಂಚುಳ್ಳ ಆಕಾರವಾಗಿ (ಪಾತ್) ಬದಲಿಸುವ ಆಯ್ಕೆ. ಆಮೇಲೆ ಗೆರೆಯ ದಪ್ಪ ಬದಲಿಸಲು ಆಗಲ್ಲ, ಅದಕ್ಕೇ ಪ್ರತಿ ಬೇಕು. ನಂತರ ಯೂನಿಯನ್ ಮಾಡಿ ಎಲ್ಲವನ್ನೂ ಒಂದೇ ಪಾತ್ ಮಾಡಿದೆ. ಈ ಹಂತ ಮಾಡದಿದ್ದರೆ ಮುಂದಿನ ಇಂಟರ್‌ಸೆಕ್ಷನ್‌ನಲ್ಲಿ (ಆರಿಸಿದ ಎಲ್ಲ ಆಕಾರಗಳಿಗೂ ಸೇರಿದ ಭಾಗ ಮಾತ್ರ ಉಳಿಸುವ ಆಯ್ಕೆ) ಎಲ್ಲ ಗೆರೆಗಳೂ ಒಂದರ ಮೇಲೊಂದು ಬರುವ ಜಾಗ ಮಾತ್ರ ಉಳಿಯುತ್ತದೆ, ಅಂದರೆ ಏನೂ ಉಳಿಯುವುದಿಲ್ಲ! ಕೊನೆಗೆ ಎಲೆಯನ್ನೂ ಸೇರಿಸಿ ಆರಿಸಿ ಇಂಟರ್‌ಸೆಕ್ಷನ್. ಎಲೆಯ ಆಕಾರ ಅದರಲ್ಲೇ ಕರಗಿಹೋಗುತ್ತದೆ, ಅಂಚಿಗೆ ಬೇಕಾದರೆ ಮೊದಲೇ ಇನ್ನೊಂದು ಎಲೆ ನಕಲು ಮಾಡಿಡಿ.

0.8 ಮಿ.ಮೀ. ಗೆರೆಗಳು ವಿನೈಲ್ (ಸ್ಟಿಕರಿನ ಪ್ಲಾಸ್ಟಿಕ್ ಹಾಳೆ) ಬಿಡಿಸುವಾಗ ಕಿತ್ತು ಬಂದವು. 1.5 ಮಾಡಿದ ಮೇಲೆ ನಿಂತವು.

ನಿನ್ನೆ ಕೆಮ್ಮಣ್ಣು ಬಣ್ಣದ ಹಲಗೆಗೆ ಬಿಳಿ ಸ್ಟಿಕರ್ ಅಂಟಿಸಿದೆವು. ಅಕ್ಕಿ ಹಿಟ್ಟಿನಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಗೋಡೆಗೆ ಬರೆಯುತ್ತಿದ್ದ ಅಜ್ಜಿ ಎಲೆಯ ತುದಿವರೆಗೂ ಬೆರಳು ಆಡಿಸಿ ನೋಡಿದರು. "ಗೆರೆ ಎಲ್ಲೂ ಹೊರಗೆ ಹೋಗಿಲ್ಲ ಅಲ್ವಾ" ಅಂದರು. ನನಗೆ ಕಣ್ಣು ತುಂಬಿ ಬಂತು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.