ಸಹಾಯ ಬೇಕು: ಫೆಸ್‌ನಲ್ಲಿ ಅಮ್ಮನಿಗೆ ಹಮ್ಮಾಮ್ ಸ್ನಾನ

ಎಲ್ಲರಿಗೂ ನಮಸ್ಕಾರ. ಅಮ್ಮನೊಂದಿಗೆ ಮೊರಾಕೊದ ಫೆಸ್‌ಗೆ ಬಂದಿದ್ದೇನೆ. ಮದೀನಾದ, ಅಂದರೆ ಇಲ್ಲಿನ ಹಳೆಯ ಊರಿನ, ಓಣಿಯಲ್ಲೇ ನಮ್ಮ ಕೋಣೆ. ಹೆಂಗಸರು ಬಕೆಟ್, ಚಾಪೆ ಹಿಡಿದು ಹಮ್ಮಾಮಿಗೆ, ಅಂದರೆ ಸಾರ್ವಜನಿಕ ಉಗಿಸ್ನಾನದ ಮನೆಗೆ, ಹೋಗುವುದನ್ನು ಕಂಡಾಗಿನಿಂದ ಅಮ್ಮನಿಗೆ ಅದೇ ಧ್ಯಾನ. "ನಮ್ಮ ಎಣ್ಣೆಸ್ನಾನದ ಹಾಗೇ ಅಲ್ಲವೇನೇ?" ಎನ್ನುತ್ತಾರೆ. ಹೋಟೆಲಿನ ಸ್ಪಾ ತೋರಿಸಿದೆ, ಮೂಗು ಮುರಿದರು.

ಕೆಸ್ಸಾ ಎಂಬ ಒರಟು ಕೈಗವಸು, ತಲೆಗೆ ಘಸ್ಸೂಲ್ ಮಣ್ಣು, ಆಲಿವ್‌ನ ಕಪ್ಪು ಸಾಬೂನು ಎಲ್ಲವನ್ನೂ ಕೊಂಡು ತಂದಾಯಿತು. ಆ ಸಾಬೂನೋ, ಥೇಟ್ ಹುಣಸೆಹಣ್ಣಿನ ಗೊಜ್ಜು! ಅಮ್ಮ ಬೆರಳಿನಲ್ಲಿ ತೆಗೆದು ಮೂಸಿಯೂ ನೋಡಿದರು. ನಿನ್ನೆ ಸಂಜೆ ಹೋದರೆ ಗಂಡಸರ ಸಮಯ, ವಾಪಸು ಬಂದೆವು. ಇಂದು ಬೆಳಿಗ್ಗೆ ಹೆಂಗಸರ ಸಮಯಕ್ಕೇ ಹೋದೆವು. ಬಾಗಿಲಲ್ಲಿದ್ದ ಅಜ್ಜಿಗೆ ಇಲ್ಲಿನ ಅರಬ್ಬಿಯಾದ ದಾರಿಜಾ ಬಿಟ್ಟು ಬೇರೆ ಭಾಷೆ ಬಾರದು. ನನ್ನ ಕೈಸನ್ನೆಗೆ ಆಕೆ ನಕ್ಕಿದ್ದೇ ನಕ್ಕಿದ್ದು.

ಸಿಕ್ಕಿಕೊಂಡಿರುವುದು ಇಲ್ಲಿ. ಒಳಗೆ ಸಾಲಾಗಿ ಮೂರು ಕೋಣೆ, ಒಳಕ್ಕೆ ಹೋದಷ್ಟೂ ಬಿಸಿ ಹೆಚ್ಚು. ಅಮ್ಮನಿಗೆ 64 ವರ್ಷ, ರಕ್ತದೊತ್ತಡದ ಮಾತ್ರೆ ನಡೆಯುತ್ತಿದೆ. ಫೋನಿನಲ್ಲಿ ಕೇಳಿದಾಗ ನಮ್ಮ ವೈದ್ಯರು, ಹೆಚ್ಚು ಬಿಸಿಯಲ್ಲಿ ಕೂರಿಸಲೇಬೇಡಿ ಎಂದರು. ಆದರೆ ಮೈ ಉಜ್ಜುವ ತಯ್ಯಾಬಾ ಕೊನೆಯ ಕೋಣೆಯಲ್ಲೇ ಉಜ್ಜುತ್ತಾಳೋ ಏನೋ. ಜೊತೆಗೆ ಅಲ್ಲಿ ಹೆಂಗಸರು ಒಳಚಡ್ಡಿಯಲ್ಲಷ್ಟೇ ಇರುತ್ತಾರಂತೆ. ಅಮ್ಮ ಲಂಗ ಬಿಡುವವರಲ್ಲ.

ನಾಡಿದ್ದು ಹೊರಡುತ್ತೇವೆ. ಇಲ್ಲಿನ ಓಣಿಯ ಹಮ್ಮಾಮಿಗೆ ಹೋಗಿಬಂದವರು ಹೇಳಿ: ನಡುಕೋಣೆಯಲ್ಲೇ ಕುಳಿತು ತಯ್ಯಾಬಾಳಿಂದ ಉಜ್ಜಿಸಿಕೊಳ್ಳಬಹುದೇ? ಲಂಗ ಉಟ್ಟೇ ಕುಳಿತರೆ ಯಾರಾದರೂ ಆಕ್ಷೇಪಿಸುತ್ತಾರೆಯೇ?