ಪದಚರ್ಚೆ: ‘ಕರಿಮರ’ದಲ್ಲಿ ಕರಿ ಇರುವುದೆಲ್ಲಿ?

ಎಲ್ಲರಿಗೂ ನಮಸ್ಕಾರ.

ಕರಿಮರ, ಕೆಚ್ಚು. ಈ ಎರಡು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಮೊದಲು ವಿಷಯ ಎಲ್ಲಿಂದ ಶುರುವಾಯಿತು ಅಂತ ಹೇಳಿಬಿಡುತ್ತೇನೆ.

ನಾನಿರುವುದು ಕೊಡಗಿನ ಸುಂಟಿಕೊಪ್ಪದ ಹತ್ತಿರ. ಬಿಡುವಿದ್ದಾಗ ಮರಗೆಲಸ ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ಸ್ನೇಹಿತರೊಬ್ಬರು ತಮ್ಮ ಮನೆಯ ಒಡಿಕತ್ತಿ (ಕೊಡವರ ಅಗಲ ಅಲಗಿನ ಬಾಗಿದ ಕತ್ತಿ) ತಂದುಕೊಟ್ಟರು. ಹಿಡಿ ಉದ್ದಕ್ಕೆ ಸೀಳಿತ್ತು. “ಕೈಲ್ ಪೊಳ್ದ್‌ಗೆ ಮೊದಲು ಹೊಸ ಹಿಡಿ ಹಾಕಿಕೊಡಿ. ಹಳೇದು ಕರಿಮರದ್ದು, ಹೊಸದೂ ಅದೇ ಆಗಲಿ” ಅಂದರು. ಸೆಪ್ಟೆಂಬರ್ 3ಕ್ಕೆ ಹಬ್ಬ. ಕತ್ತಿ, ಕೋವಿಗಳನ್ನೆಲ್ಲ ಪೂಜೆಗೆ ಇಡುವ ದಿನ. ಸಮಯ ಜಾಸ್ತಿ ಇರಲಿಲ್ಲ.

ಕರಿಮರ ಅಂದರೆ ಎಬೊನಿ ಅಂತ ಓದಿದ್ದೆ. ಆನ್‌ಲೈನ್‌ನಲ್ಲಿ ಒಂದು ಕಡೆಯಿಂದ ಅದೇ ಹೆಸರಿನ ತುಂಡು ತರಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಕಪ್ಪಾಯಿತು. ಗರಗಸ ಹಾಕಿ ನೋಡಿದೆ. ಒಳಗೆಲ್ಲ ಹಾಲಿನ ಬಣ್ಣ. ಯಾವುದೋ ಬಿಳಿ ಮರಕ್ಕೆ ಬಣ್ಣ ಕುಡಿಸಿ ಕಳಿಸಿದ್ದರು. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಮೂರು ವಾರ ವ್ಯರ್ಥವಾಯಿತಲ್ಲ ಅಂತ.

ಆಮೇಲೆ ನಮ್ಮೂರಿನ ಒಬ್ಬ ಹಿರಿಯ ಆಚಾರಿಯ ಹತ್ತಿರ ಹೋದೆ. ಅವರ ಮನೆಮಾತು ಮಲಯಾಳ. “ಕರಿಮರ ಸಿಗುತ್ತಾ?” ಅಂತ ಕೇಳಿದರೆ ಅವರು ತಿರುಗಿ ಕೇಳಿದರು: “ಕರಿ ಯಾವುದು ಸಾರ್, ತೊಗಟೆಯಾ, ಕಾತಲಾ?”

ಆ ಪ್ರಶ್ನೆ ಇನ್ನೂ ನನ್ನ ತಲೆಯಲ್ಲಿ ಕೂತಿದೆ. ನಮ್ಮ ಮರಗಳ ಹೆಸರಿನಲ್ಲಿ ‘ಕರಿ’ ಎಷ್ಟು ಕಡೆ ಬರುತ್ತದೆ ನೋಡಿ. ಕರಿಮತ್ತಿ ಇದೆ, ಅದರ ಜೋಡಿ ಬಿಳಿಮತ್ತಿ ಇದೆ. ಕರಿಜಾಲಿ, ಬಿಳಿಜಾಲಿ ಇವೆ. ಈ ಎರಡೂ ಜೋಡಿಗಳಲ್ಲಿ ಕರಿ, ಬಿಳಿ ಅನ್ನುವುದು ತೊಗಟೆಯ ಮಾತು. ಕರಿಮತ್ತಿಯ ತೊಗಟೆ ಮೊಸಳೆ ಬೆನ್ನಿನ ಹಾಗೆ ಕಪ್ಪಗೆ, ಚೌಕ ಚೌಕವಾಗಿ ಒಡೆದಿರುತ್ತದೆ. ಹೊಳೆ ಬದಿಯ ಬಿಳಿಮತ್ತಿ ನುಣ್ಣಗೆ ಬೆಳ್ಳಗೆ ನಿಂತಿರುತ್ತದೆ. ದಾರಿಹೋಕನೂ ದೂರದಿಂದಲೇ ಗುರುತಿಸಬಹುದು. ಆದರೆ ಕರಿಮರದ ಕರಿ ಹೊರಗಿನಿಂದ ಕಾಣುವುದಿಲ್ಲ. ಡಯೋಸ್ಪೈರೋಸ್ ಎಬೆನಮ್ ಅನ್ನುವ ಆ ಮರವನ್ನು ಕಡಿದರೆ ಹೊರಸುತ್ತೆಲ್ಲ ಪೇಲವ ಬಣ್ಣ. ನಡುವಿನ ಗಟ್ಟಿ ಭಾಗ ಮಾತ್ರ ಕಪ್ಪು. ಅಂದರೆ ಒಂದು ಹೆಸರು ಕಾಡಲ್ಲಿ ನಿಂತ ಮರ ನೋಡಿದವರದ್ದು, ಇನ್ನೊಂದು ಉಳಿ ಹಿಡಿದವರದ್ದು.

ಆಚಾರಿ ಹೇಳಿದ ಕಾತಲ್ ಅನ್ನುವುದು ಮಲಯಾಳದ ಮಾತು, ಮರದ ನಡುವಿನ ಗಟ್ಟಿ ಭಾಗ. ಹೊರಗಿನ ಎಳೆಯ ಭಾಗಕ್ಕೆ ಅವರು ವೆಳ್ಳ ಅನ್ನುತ್ತಾರೆ. ತಮಿಳಿನಲ್ಲಿ ಅದೇ ಗಟ್ಟಿ ಭಾಗ ವೈರಂ, ವಜ್ರಕ್ಕೂ ಅದೇ ಪದ. ನಮ್ಮಲ್ಲಿ ಕೆಚ್ಚು ಇದೆ, ಚೇಗು ಇದೆ. ಕೆಚ್ಚೆದೆ ಅಂತ ದಿನಾ ಬಳಸುತ್ತೇವೆ. ಅದರೊಳಗೆ ಒಂದು ಮರ ಇದೆ ಅನ್ನುವುದೇ ನಮಗೆ ಮರೆತುಹೋಗಿದೆ, ಅಲ್ವಾ? ಈಗಿನ ಬರಹಗಳಲ್ಲಿ ಕೆಚ್ಚಿನ ಬದಲು ‘ತಿರುಳು’ ಅಂತ ಬರೆಯುವುದು ಕಾಣುತ್ತೇನೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಬೈನೆ ಮರವನ್ನೇ ನೋಡಿ. ತಾಳೆಯ ಜಾತಿಯದು, ಕಳ್ಳು ಇಳಿಸುತ್ತಾರೆ, ಆನೆಗೂ ಪ್ರೀತಿ. ಅದರ ತಿರುಳು ಬೆಣ್ಣೆಯ ಹಾಗೆ ಮೆತ್ತಗೆ. ಕಬ್ಬಿಣದಂಥ ಕಪ್ಪು ನಾರೆಲ್ಲ ಹೊರಗಿನ ಸುತ್ತಿನಲ್ಲಿ. ತಿರುಳು ಅಂದರೆ ಒಳಗಿರುವುದು, ಕೆಚ್ಚು ಅಂದರೆ ಗಟ್ಟಿಯಾಗಿರುವುದು. ಎರಡನ್ನೂ ಒಂದೇ ಮಾಡಿದರೆ ಬೈನೆಯ ಬಗ್ಗೆ ಮಾತಾಡಲು ನಮಗೆ ಪದವೇ ಉಳಿಯುವುದಿಲ್ಲ.

ಇನ್ನು ಒಡಿಕತ್ತಿಯ ವಿಷಯ. ಹಳೆಯ ಹಿಡಿಯ ಸೀಳಿದ ಬದಿಯನ್ನು ಆಚಾರಿ ಉಳಿಯಿಂದ ಒಂದು ಚೂರು ಕೆರೆದರು. ಮೇಲಿನ ಕಪ್ಪು ಹೋಗಿ ಒಳಗೆ ಕೆನ್ನೀಲಿ ಕಾಣಿಸಿತು. ಅದರಲ್ಲಿ ಕಪ್ಪು ಗೆರೆಗಳು, ಒಂದು ತೆಳ್ಳಗೆ, ಒಂದು ದಪ್ಪಗೆ. ಮೂಗಿನ ಹತ್ತಿರ ಹಿಡಿದರೆ ಸಿಹಿ ವಾಸನೆ. “ಬೀಟಿ” ಅಂದರು. ಅಷ್ಟೇ. ಮನೆಯವರು ತಲೆಮಾರುಗಳಿಂದ ಕರಿಮರ ಅನ್ನುತ್ತಿದ್ದದ್ದು ಕೈಬೆವರು, ಎಣ್ಣೆ, ಹೊಗೆ ಕುಡಿದು ಕಪ್ಪಾದ ಬೀಟೆ, ಅಂದರೆ ರೋಸ್‌ವುಡ್. ಅವರ ಮಾತು ತಪ್ಪು ಅಂತ ನಾನು ಹೇಳುವುದಿಲ್ಲ. ಅವರ ಕಣ್ಣಿಗೆ ಅದು ಕರಿಮರವೇ. ಆದರೆ ಅನುವಾದ ಮಾಡುವಾಗ ಇದೇ ಗೊಂದಲ ದೊಡ್ಡದಾಗುತ್ತದೆ. ಬ್ರಿಟಿಷರ ಕಾಲದ ಕಡತಗಳಲ್ಲಿ ‘ಬ್ಲ್ಯಾಕ್‌ವುಡ್’ ಅಂತ ಬರುತ್ತದಲ್ಲ, ನಮ್ಮ ಕಡೆಯ ಮಟ್ಟಿಗೆ ಅದು ಬೀಟೆ. ಅದನ್ನು ಕರಿಮರ ಅಂತ ಕನ್ನಡಕ್ಕೆ ತಂದರೆ ಮರವೇ ಬದಲಾಗುತ್ತದೆ. ಕ್ಲಾರಿನೆಟ್ ಮಾಡುವ ಆಫ್ರಿಕನ್ ಬ್ಲ್ಯಾಕ್‌ವುಡ್ ಕೂಡ ಬೀಟೆಯ ಕುಲದ್ದೇ, ಡಾಲ್ಬರ್ಜಿಯಾ. ಅದಕ್ಕೆ ‘ಆಫ್ರಿಕದ ಕರಿಬೀಟೆ’ ಅಂದರೆ ಹೇಗೆ?

ಬೀಟೆ ಅನ್ನುವ ಪದವೂ ನೋಡುವಂಥದ್ದು. ಮಲಯಾಳದಲ್ಲಿ ಈಟ್ಟಿ, ವೀಟ್ಟಿ ಎರಡೂ ಇವೆ. ತಮಿಳಿನ ವಾಳೈ ನಮ್ಮಲ್ಲಿ ಬಾಳೆ, ವೇರ್ ನಮ್ಮಲ್ಲಿ ಬೇರು, ವಿಲ್ ನಮ್ಮಲ್ಲಿ ಬಿಲ್ಲು. ಅದೇ ದಾರಿಯಲ್ಲಿ ವೀಟ್ಟಿಯೂ ಬೀಟೆಯೂ ಒಂದೇ ಬೇರಿನವು ಅನ್ನುವುದು ನನ್ನ ಊಹೆ. ಬಲ್ಲವರು ತಿದ್ದಬೇಕು.

ಮರ ಎಲ್ಲಿಂದ ತರುವುದು ಅನ್ನುವುದಕ್ಕೂ ಹೆಸರಿಗೂ ಇಲ್ಲಿ ನೇರ ಸಂಬಂಧ ಇದೆ. ತೋಟದಲ್ಲಿ ನಾವೇ ನೆಟ್ಟ ಸಿಲ್ವರ್ ಓಕ್ ಕಡಿಯುವುದು ಸುಲಭ. ಬೀಟೆಯನ್ನು ಹಾಗೆ ಮುಟ್ಟುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪಾಸ್ ಬೇಕು. ಜಾಗ ‘ಅನ್‌ರಿಡೀಮ್ಡ್’ ಆಗಿದ್ದರೆ, ಅಂದರೆ ಮರದ ಬೆಲೆ ಕಟ್ಟಿ ಬಿಡಿಸಿಕೊಂಡಿಲ್ಲದಿದ್ದರೆ, ಮರ ಸರ್ಕಾರದ್ದು. ಕೊಡಗಿನಲ್ಲಿ ಈ ಪದವನ್ನು ಕನ್ನಡದ್ದೇ ಅನ್ನುವಷ್ಟು ಸಲೀಸಾಗಿ ಆಡುತ್ತೇವೆ. ಹೊರದೇಶಕ್ಕೆ ಹೋಗುವುದಾದರೆ 2017ರ ಜನವರಿಯಿಂದ ಇಡೀ ಡಾಲ್ಬರ್ಜಿಯಾ ಕುಲ ಸೈಟ್ಸ್ ಒಪ್ಪಂದದ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಪಟ್ಟಿಯಲ್ಲಿದೆ. ಉತ್ತರದ ಶೀಶಂ ಕೂಡ ಅದರಲ್ಲಿ ಸೇರಿತು. ಅಂಗಡಿಯಲ್ಲಿ ಈ ಶೀಶಮ್ಮನ್ನೇ ಬೀಟೆ ಅಂತ ಕೊಡುವವರಿದ್ದಾರೆ. ಅಣ್ಣತಮ್ಮ ಸರಿ, ಆದರೆ ಅದೇ ಮರ ಅಲ್ಲ.

ಕೊನೆಗೆ ನಮಗೆ ಸಿಕ್ಕಿದ್ದು ಅದೇ ಮನೆಯ ಮರ. 2018ರ ಮಳೆಯಲ್ಲಿ ಅವರ ಹಳೆಯ ಉಗ್ರಾಣ ಕುಸಿದಿತ್ತು. ಕಿಟಕಿಯ ಬೀಟೆ ಚೌಕಟ್ಟನ್ನು ಯಾರೂ ಸೌದೆ ಮಾಡಿರಲಿಲ್ಲ. ಒಂದು ಗೇಣು ಕತ್ತರಿಸಿ ಹತ್ತರಿ ಹೊಡೆದೆ. ಸುರುಳಿ ಸುರುಳಿಯಾಗಿ ಎದ್ದ ಹೊಟ್ಟು ಮೊದಲು ಬೂದು, ಆಮೇಲೆ ಕಂದು, ಆಮೇಲೆ ಕೆನ್ನೀಲಿ. ಕೋಣೆಯೆಲ್ಲ ಆ ವಾಸನೆ. ಉಪ್ಪುಕಾಗದ ಹಾಕಿ, ಎಣ್ಣೆ ಹಚ್ಚಿ, ಹಬ್ಬಕ್ಕೆ ಎರಡು ದಿನ ಮೊದಲೇ ಕತ್ತಿ ಕೊಟ್ಟೆ. ಈಗ ಕೆನ್ನೀಲಿಯಾಗಿದೆ. ಕಪ್ಪಾಗಲು ಅವರ ಕೈಯೇ ಬೇಕು.

ಹಳೆಯ ಬೀಟೆ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಹಾಗಾಗಿ ಕರಿಮತ್ತಿಯ ಕೆಚ್ಚಿನ ಮೇಲೂ ಒಂದು ಪ್ರಯೋಗ ಮಾಡಿದೆ. ಅದು ಮೊದಲೇ ಗಾಢ ಕಂದು, ಕಪ್ಪು ಗೆರೆಗಳಿರುತ್ತವೆ. ಹೊರದೇಶದ ವ್ಯಾಪಾರಿಗಳು ಇದನ್ನೇ ಇಂಡಿಯನ್ ಲಾರೆಲ್ ಅನ್ನುತ್ತಾರೆ. ಅಳಲೆಕಾಯಿ ಕುದಿಸಿದ ನೀರನ್ನು ಹಚ್ಚಿ, ಒಣಗಿದ ಮೇಲೆ ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪು ಕರಗಿಸಿದ ನೀರು ಹಚ್ಚಿದೆ. ಕಣ್ಣೆದುರಿಗೇ ಕಪ್ಪಾಯಿತು. ಹಿಂದೆ ಮಸಿ ಮಾಡುತ್ತಿದ್ದದ್ದೂ ಇವೆರಡನ್ನೇ ಬೆರೆಸಿ. ಒಗರಿಗೂ ಕಬ್ಬಿಣಕ್ಕೂ ಆಗುವ ಕೆಲಸ ಅದು. ಸುಮ್ನೆ ಮೇಲೆ ಬಳಿದ ಬಣ್ಣದ ಹಾಗೆ ಬಟ್ಟೆಗೆ ಬಿಡುವುದಿಲ್ಲ, ನಾರಿಗೇ ಹಿಡಿದಿರುತ್ತದೆ. ಇದಕ್ಕೆ ‘ಮಸಿ ಹಿಡಿಸುವುದು’ ಅಂತ ನಾನು ಬರೆದುಕೊಂಡಿದ್ದೇನೆ.

ಈಗ ನನ್ನ ಪ್ರಶ್ನೆಗಳು. ನಿಮ್ಮ ಕಡೆ ಮರಗೆಲಸದವರ ಬಾಯಲ್ಲಿ ಕೆಚ್ಚು ಇದೆಯೋ, ಚೇಗು ಇದೆಯೋ? ಎರಡೂ ಇದ್ದರೆ ಅರ್ಥದಲ್ಲಿ ವ್ಯತ್ಯಾಸ ಮಾಡುತ್ತಾರಾ? ಕರಿಮರ ಅಂದರೆ ಅವರು ಯಾವ ಮರ ತೋರಿಸುತ್ತಾರೆ? ಮಸಿ ಹಿಡಿಸುವುದಕ್ಕೆ ಬೇರೆ ಮಾತು ಬಳಕೆಯಲ್ಲಿದೆಯಾ? ಮಲಯಾಳದವರ ವೆಳ್ಳಕ್ಕೆ ಸಾಟಿಯಾಗಿ, ಕೆಚ್ಚಿನ ಸುತ್ತ ಇರುವ ಆ ಎಳೆಯ ಬಿಳಿ ಮರಕ್ಕೆ ನಿಮ್ಮೂರಲ್ಲಿ ಏನನ್ನುತ್ತಾರೆ? ಪುಸ್ತಕದ ಪದ ಬೇಡ. ಗರಗಸ ಹಿಡಿದವರು ಹೇಳಿದ ಪದ ಬೇಕು, ಊರಿನ ಹೆಸರಿನ ಜೊತೆಗೆ.